ಮುಕ್ಕಾಲು ಮಗ್ಗಿ

ಹಿಂದೆ ನಮ್ಮ ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ಮಕ್ಕಳು ಒಪ್ಪಿಸುತ್ತಿದ್ದುದು ಇಪ್ಪತ್ತರವರೆಗಿನ ಮಗ್ಗಿಯನ್ನಷ್ಟೇ ಅಲ್ಲ. ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನೂ. ಬರಿಯ ಉರುಹೊಡೆತವೆಂದು ಅದನ್ನು ಹಳಿಯುವವರುಂಟು. ನಾನು ಒಪ್ಪಲಾರೆ. ರೂಪಾಯಿಗೆ 16 ಆಣೆ, ಸೇರಿಗೆ 16 ಚಟಾಕು. ಆದ್ದರಿಂದ ಸೇರಿಗೆ ಎಷ್ಟು ರೂಪಾಯಿಯೋ ಚಟಾಕಿಗೆ ಅಷ್ಟೇ ಆಣೆ. ಸೇರಿಗೆ 12 ಆಣೆಯಾದರೆ? ಅದು ಮುಕ್ಕಾಲು ರೂಪಾಯಿ. ಚಟಾಕಿಗೆ ಮುಕ್ಕಾಲಾಣೆ, ಎಂದರೆ 9 ಪೈ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಕಲಿಸಬಹುದಾದ ಲೆಕ್ಕ.

1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾಪೈಸೆಯಾಯಿತು. ನಾಲ್ಕಾಣೆ ಸಲೀಸಾಗಿ 25 ಆಯಿತು. ಒಂದಾಣೆ ಮಾತ್ರ ಆರೂಕಾಲು. ಕಾಲು ಪೈಸೆಯ ನಾಣ್ಯವಿಲ್ಲವಲ್ಲ! ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂದಿತು ಸರ್ಕಾರದ ಪಟ್ಟಿ. ಮೂರನೆಯ ಆಣೆಗೆ ಮಾತ್ರ ಏಳೇಕೆ ಎಂದು ಮಗು ಕೇಳಿದರೆ ಅಜ್ಜಿ ಏನು ಹೇಳಿಯಾಳು? ಮುಂದೆ ಸೇರಿನ ಜಾಗಕ್ಕೆ ಕಿಲೋಗ್ರಾಮೂ ಬಂದಿತು.

ದಶಮಾಂಶ ಬಂದುದು ಒಳ್ಳೆಯದೇ. ಭಾಗಾಕಾರದ ಅರ್ಧ ತೊಡಕು ನೀಗಿತು. ಆದರೆ ಅಜ್ಜಿಯ ಗುರುಪೀಠವೂ ಅದರೊಡನೆ ಹೋಯಿತು, ಮಗುವಿನ ಲೆಕ್ಕ ಮೇಷ್ಟರೊಬ್ಬರ ಸ್ವತ್ತಾಯಿತು. ಇದನ್ನು ನಾನು ನಷ್ಟದ ಬಾಬಿಗೇ ಬರೆಯುತ್ತೇನೆ. 25 ಪೈಸೆಯ ನಾಣ್ಯವೂ 2011ರಲ್ಲಿ ಚಲಾವಣೆ ಕಳೆದುಕೊಂಡ ಮೇಲೆ 'ಕಾಲು' ಕೈಗೆ ಸಿಗುವುದು ಅಡಿಗೆಮನೆಯಲ್ಲಿ. ಒಬ್ಬಟ್ಟನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ, ಹದಿನಾರಾಗಿ ಕತ್ತರಿಸಿ ನೋಡಿ. ಆ ಹದಿನಾರರಲ್ಲೊಂದು ಚೂರಿಗೆ ನಮ್ಮ ಹಳಬರು ವೀಸವೆನ್ನುತ್ತಿದ್ದರು. 12 ವೀಸ ತಿಂದ ಮಗು, ಮುಕ್ಕಾಲು ಮುಗಿಯಿತು, ಇನ್ನು ಕಾಲು ಕೊಡು ಎಂದು ತಾನೇ ಕೇಳುತ್ತದೆ.