ಹಿಮ್ಮಡಿಯಲ್ಲಿ ನೋವು, ಅಂಗಾಲಿನಲ್ಲಿ ಜೋಮು: ಎರಡೂ ಜೊತೆಗೂಡಿದಾಗ

ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಊರುತ್ತಿದ್ದಂತೆಯೇ ಹಿಮ್ಮಡಿಯಲ್ಲಿ ಮೊಳೆ ಚುಚ್ಚಿದಂತಹ ನೋವು. ಹತ್ತಾರು ಹೆಜ್ಜೆ ನಡೆದ ಬಳಿಕ ಕೊಂಚ ಉಪಶಮನ. ರಾತ್ರಿ ಮಲಗಿದರೆ ಅವೇ ಪಾದಗಳಲ್ಲಿ ಉರಿ, ಜೋಮು, ಇರುವೆ ಹರಿದಾಡಿದ ಅನುಭವ. ಇವೆರಡನ್ನೂ ಒಂದೇ ಕಾಯಿಲೆಯ ಲಕ್ಷಣಗಳೆಂದು ಭಾವಿಸುವವರು ಅನೇಕ. ವಾಸ್ತವದಲ್ಲಿ ಇವು ಎರಡು ಬೇರೆ ಬೇರೆ ತೊಂದರೆಗಳಾಗಿರುವ ಸಾಧ್ಯತೆಯೇ ಹೆಚ್ಚು. ಮೊದಲನೆಯದು ಪ್ಲಾಂಟರ್ ಫೇಶಿಯೈಟಿಸ್, ಎರಡನೆಯದು ಪೆರಿಫೆರಲ್ ನ್ಯೂರೋಪತಿ, ಅಂದರೆ ಪಾದದ ನರಗಳ ಹಾನಿ. ಒಂದಕ್ಕೆ ಮಾಡುವ ಮನೆಮದ್ದು ಇನ್ನೊಂದರ ಕಾರಣದಿಂದ ಅಪಾಯಕಾರಿಯಾಗಬಲ್ಲದು ಎಂಬುದನ್ನು ಈ ರೋಗಿಗಳು ಮೊದಲು ತಿಳಿದಿರಬೇಕು.

ಎರಡರ ನಡುವಿನ ವ್ಯತ್ಯಾಸ

ಹಿಮ್ಮಡಿಯ ಮೂಳೆಯಿಂದ ಹೊರಟು ಬೆರಳುಗಳ ಬುಡದವರೆಗೆ ಹಬ್ಬಿರುವ ದಪ್ಪನೆಯ ಪಟ್ಟಿಯೇ ಪ್ಲಾಂಟರ್ ಫೇಶಿಯಾ. ಪಾದದ ಕಮಾನನ್ನು ಬಿಲ್ಲಿನ ಹೆದೆಯಂತೆ ಹಿಡಿದಿಡುವುದು ಇದರ ಕೆಲಸ. ಹೊತ್ತುಗಟ್ಟಲೆ ನಿಂತು ಕೆಲಸ ಮಾಡುವುದು, ದೇಹದ ತೂಕ, ಬಿಗಿದ ಮೀನಖಂಡ, ತೆಳುವಾದ ಚಪ್ಪಲಿ ಮುಂತಾದ ಕಾರಣಗಳಿಂದ ಈ ಪಟ್ಟಿ ಹಿಮ್ಮಡಿಗೆ ಅಂಟಿಕೊಳ್ಳುವ ಜಾಗದಲ್ಲಿ ಸವೆದು ನೋಯತೊಡಗುತ್ತದೆ. 40ರಿಂದ 60ರ ವಯೋಮಾನದವರಲ್ಲಿ ಇದು ಹೆಚ್ಚು. ನೋವು ಒಂದೇ ಜಾಗದಲ್ಲಿರುತ್ತದೆ. ಬೆರಳಿನಿಂದ ಒತ್ತಿ ತೋರಿಸಬಹುದು. ಎಕ್ಸ್‌ರೇಯಲ್ಲಿ ಹಿಮ್ಮಡಿಯ ಮೂಳೆ ಬೆಳೆದಿರುವುದು ಕಂಡರೆ ಗಾಬರಿ ಬೇಡ. ನೋವೇ ಇಲ್ಲದ ಅನೇಕರಲ್ಲಿಯೂ ಇಂತಹ ಮೂಳೆ ಇರುತ್ತದೆ.

ನರಹಾನಿಯ ಸ್ವರೂಪವೇ ಬೇರೆ. ಅದು ಸಾಮಾನ್ಯವಾಗಿ ಎರಡೂ ಪಾದಗಳ ಬೆರಳ ತುದಿಯಿಂದ ಆರಂಭವಾಗಿ, ಕಾಲುಚೀಲ ಧರಿಸಿದಂತೆ ಮೇಲಕ್ಕೆ ಹಬ್ಬುತ್ತದೆ. ನಡೆದಾಗಲ್ಲ, ವಿಶ್ರಾಂತಿಯಲ್ಲಿರುವಾಗ, ಅದರಲ್ಲೂ ರಾತ್ರಿ ಹೆಚ್ಚು ಕಾಡುತ್ತದೆ. ಕ್ರಮೇಣ ಉರಿ ಕಡಿಮೆಯಾಗಿ ಸ್ಪರ್ಶಜ್ಞಾನವೇ ಇಲ್ಲವಾಗಬಹುದು. ಆಗ ರೋಗ ವಾಸಿಯಾಯಿತೆಂದು ಸಮಾಧಾನಪಡುವುದು ದೊಡ್ಡ ತಪ್ಪು.

ಇದಕ್ಕೆ ಪ್ರಮುಖ ಕಾರಣ ಮಧುಮೇಹ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿದೆ. ಬಿ-12 ಜೀವಸತ್ವದ ಕೊರತೆ, ಮದ್ಯಪಾನ, ಥೈರಾಯ್ಡ್ ಮತ್ತು ಮೂತ್ರಪಿಂಡದ ಕಾಯಿಲೆಗಳು, ಕುಷ್ಠರೋಗ, ಕ್ಯಾನ್ಸರ್‌ಗೆ ನೀಡುವ ಕೆಲವು ಔಷಧಗಳು ಇತರ ಕಾರಣಗಳು. ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ಸೇವಿಸುವವರಲ್ಲಿ ಮತ್ತು ಕಟ್ಟುನಿಟ್ಟಿನ ಸಸ್ಯಾಹಾರಿಗಳಲ್ಲಿ ಬಿ-12 ಕೊರತೆ ಕಾಣಿಸಿಕೊಳ್ಳಬಹುದು.

ಮಧುಮೇಹಿಗಳಲ್ಲಿ ಇವೆರಡೂ ಜೊತೆಗೂಡುವುದು ಕೇವಲ ಕಾಕತಾಳೀಯವಲ್ಲ. ರಕ್ತದಲ್ಲಿನ ಅಧಿಕ ಸಕ್ಕರೆ ಅಂಶವು ಪಾದದ ಪಟ್ಟಿಯನ್ನೂ ಹಿಂಗಾಲಿನ ಸ್ನಾಯುರಜ್ಜುವನ್ನೂ ದಪ್ಪಗಾಗಿಸಿ, ಅವುಗಳ ಬಾಗುವ ಗುಣವನ್ನು ಕುಗ್ಗಿಸುತ್ತದೆ. ನರಹಾನಿಯಿಂದ ಪಾದದೊಳಗಿನ ಸಣ್ಣ ಸ್ನಾಯುಗಳು ದುರ್ಬಲಗೊಂಡು, ಭಾರ ಬೀಳಬಾರದ ಜಾಗದಲ್ಲಿ ಬೀಳುತ್ತದೆ.

ಮನೆಮದ್ದು ಮುಳುವಾಗುವ ಬಗೆ

ಹಿಮ್ಮಡಿ ನೋವಿಗೆ ಇಟ್ಟಿಗೆಯನ್ನು ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿ ಊರುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಬಿಸಿನೀರಿನ ಚೀಲ, ಉಪ್ಪು ಬೆರೆಸಿದ ಬಿಸಿನೀರಿನ ಬಕೆಟ್ಟು ಇಂದಿಗೂ ಮನೆಮನೆಯ ಉಪಚಾರ. ಸ್ಪರ್ಶಜ್ಞಾನ ಸರಿಯಿರುವವರು ಶಾಖ ಮಿತಿಮೀರಿದೊಡನೆ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಜೋಮು ಹಿಡಿದ ಪಾದಕ್ಕೆ ಆ ಎಚ್ಚರಿಕೆ ತಲುಪುವುದೇ ಇಲ್ಲ. ಬೊಬ್ಬೆ ಎದ್ದು ಹುಣ್ಣಾದ ಮೇಲಷ್ಟೇ ವಿಷಯ ತಿಳಿಯುತ್ತದೆ. ಮಧುಮೇಹಿಯ ಕಾಲಿನ ಹುಣ್ಣು ಸುಲಭವಾಗಿ ಮಾಯುವುದಿಲ್ಲ. ಸೋಂಕು ಮೂಳೆಗಿಳಿದರೆ ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾದ ಪ್ರಸಂಗವೂ ಬರಬಹುದು.

ಮಂಜುಗಡ್ಡೆಯ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯ. ಹೆಪ್ಪುಗಟ್ಟಿಸಿದ ನೀರಿನ ಬಾಟಲಿಯ ಮೇಲೆ ಅಂಗಾಲನ್ನು ಉರುಳಿಸುವ ಸಲಹೆ ಹಿಮ್ಮಡಿ ನೋವಿನವರಿಗೆ ಸಾಮಾನ್ಯವಾಗಿ ಸಿಗುತ್ತದೆ. ಸ್ಪರ್ಶಜ್ಞಾನ ಕುಂದಿದವರು ಇದನ್ನು ಕೈಬಿಡುವುದೇ ಒಳಿತು. ಆಣಿಗೆ ಅಂಟಿಸುವ ಔಷಧದ ಪಟ್ಟಿಗಳಲ್ಲಿ ಆಮ್ಲವಿರುವುದರಿಂದ ಅವೂ ಸಲ್ಲವು.

ನೋವೆಂಬುದು ಶರೀರದ ಕಾವಲುಗಾರ ಎಂಬುದನ್ನು ಜಗತ್ತಿಗೆ ಮನಗಾಣಿಸಿದವರಲ್ಲಿ ಡಾ. ಪಾಲ್ ಬ್ರಾಂಡ್ ಪ್ರಮುಖರು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಜನಿಸಿದ ಅವರು 1946ರಿಂದ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಸೇವೆ ಸಲ್ಲಿಸಿದರು. ಕುಷ್ಠರೋಗಿಗಳ ಪಾದದ ಹುಣ್ಣುಗಳಿಗೆ ನೋವಿನ ಅರಿವಿಲ್ಲದೆ ಆಗುವ ಗಾಯಗಳೇ ಮುಖ್ಯ ಕಾರಣವೆಂದು ಅವರು ತೋರಿಸಿಕೊಟ್ಟರು. ಅಂತಹ ಪಾದಗಳಿಗಾಗಿ ಬಳಕೆಗೆ ಬಂದ ಎಂ.ಸಿ.ಆರ್. ಎಂಬ ಮೆದು ರಬ್ಬರಿನ ಚಪ್ಪಲಿಯನ್ನು ಇಂದು ಮಧುಮೇಹಿಗಳೂ ಧರಿಸುತ್ತಿದ್ದಾರೆ.

ಪರೀಕ್ಷೆ ಹೇಗೆ?

ವೈದ್ಯರು 10 ಗ್ರಾಂ ಒತ್ತಡದ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ ಸ್ಪರ್ಶಜ್ಞಾನವನ್ನೂ, ಶ್ರುತಿಕವೆಯಿಂದ ಕಂಪನದ ಅರಿವನ್ನೂ ಪರೀಕ್ಷಿಸುತ್ತಾರೆ. ಮನೆಯಲ್ಲಿಯೇ ಮಾಡಬಹುದಾದ ಸರಳ ವಿಧಾನವೊಂದಿದೆ. ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ರೂಪುಗೊಂಡ ಈ ಕ್ರಮದಲ್ಲಿ ರೋಗಿ ಕಣ್ಣು ಮುಚ್ಚಿಕೊಳ್ಳಬೇಕು. ಮತ್ತೊಬ್ಬರು ಎರಡೂ ಪಾದಗಳ ಹೆಬ್ಬೆರಳು, ನಡುವಿನ ಬೆರಳು ಮತ್ತು ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಸ್ಪರ್ಶಗಳು ತಿಳಿಯದಿದ್ದರೆ ವೈದ್ಯರನ್ನು ಕಾಣಬೇಕು.

ಹಿಮ್ಮಡಿಯಲ್ಲಿ ನೋವಿನೊಂದಿಗೆ ಉರಿಯೂ ಇದ್ದು, ಅದು ಒಂದೇ ಕಾಲಿಗೆ ಸೀಮಿತವಾಗಿದ್ದರೆ ಹರಡಿನ ಒಳಬದಿಯಲ್ಲಿ ನರ ಒತ್ತಿಕೊಂಡಿರುವ ಸಾಧ್ಯತೆಯನ್ನೂ ವೈದ್ಯರು ಪರಿಶೀಲಿಸುತ್ತಾರೆ.

ಚಿಕಿತ್ಸೆ ಮತ್ತು ವ್ಯಾಯಾಮ

ಪ್ಲಾಂಟರ್ ಫೇಶಿಯೈಟಿಸ್ ಬಹುಪಾಲು ರೋಗಿಗಳಲ್ಲಿ ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆ ಶಮನವಾಗುತ್ತದೆ. ಇದರ ಮುಖ್ಯ ಚಿಕಿತ್ಸೆ ಪಾದವನ್ನು ಸೆಳೆಯುವ ವ್ಯಾಯಾಮ. ಕುರ್ಚಿಯಲ್ಲಿ ಕುಳಿತು, ನೋವಿರುವ ಕಾಲನ್ನು ಮತ್ತೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು 10 ಸೆಕೆಂಡು ಹಿಡಿಯಬೇಕು. ಹೀಗೆ 10 ಬಾರಿ, ದಿನಕ್ಕೆ ಮೂರು ಸಲ. ಮೊದಲನೆಯದನ್ನು ಹಾಸಿಗೆಯಿಂದ ಇಳಿಯುವ ಮುನ್ನವೇ ಮಾಡುವುದು ಉತ್ತಮ. ಕುಳಿತೇ ಮಾಡುವುದರಿಂದ ಜೋಮು ಇರುವವರಿಗೂ ಇದು ಸುರಕ್ಷಿತ. ಆದರೆ ಎಷ್ಟು ಎಳೆದೆವೆಂಬುದನ್ನು ನೋವಿನಿಂದ ಅಳೆಯದೆ, ಕಮಾನಿನ ಪಟ್ಟಿ ಬಿಗಿಯಾಗುವುದನ್ನು ಇನ್ನೊಂದು ಕೈಯಿಂದ ಮುಟ್ಟಿ ತಿಳಿಯಬೇಕು. ನಿಂತು ಮಾಡುವ ವ್ಯಾಯಾಮಗಳಿಗೆ ಗೋಡೆಯ ಆಸರೆ ಇರಲಿ. ನರಹಾನಿ ದೇಹದ ಸಮತೋಲವನ್ನೂ ಕೆಡಿಸುತ್ತದೆ.

ಔಷಧಗಳ ವಿಷಯದಲ್ಲಿ ಗೊಂದಲ ಬೇಡ. ಸಾಮಾನ್ಯ ನೋವುನಿವಾರಕಗಳು ನರದ ಉರಿಗೆ ಅಷ್ಟಾಗಿ ನಾಟುವುದಿಲ್ಲ. ಮೂತ್ರಪಿಂಡ ದುರ್ಬಲವಾಗಿರುವ ಮಧುಮೇಹಿಗಳಿಗೆ ಅವು ಹಾನಿಯನ್ನೂ ಮಾಡಬಲ್ಲವು. ಪ್ರಿಗ್ಯಾಬಲಿನ್, ಡುಲೋಕ್ಸೆಟಿನ್, ಅಮಿಟ್ರಿಪ್ಟಿಲಿನ್ ಮುಂತಾದವು ಉರಿಯನ್ನು ತಗ್ಗಿಸುತ್ತವೆಯೇ ಹೊರತು ಕಳೆದುಹೋದ ಸ್ಪರ್ಶಜ್ಞಾನವನ್ನು ಮರಳಿಸುವುದಿಲ್ಲ. ಹಿಮ್ಮಡಿಗೆ ನೀಡುವ ಸ್ಟಿರಾಯ್ಡ್ ಚುಚ್ಚುಮದ್ದು ಕೆಲವು ದಿನ ಸಕ್ಕರೆ ಅಂಶವನ್ನು ಏರಿಸುತ್ತದೆ. ಪದೇ ಪದೇ ಪಡೆದರೆ ಹಿಮ್ಮಡಿಯ ಕೊಬ್ಬಿನ ಮೆತ್ತೆ ಕರಗುವ, ಪಟ್ಟಿಯೇ ಹರಿಯುವ ಅಪಾಯವಿದೆ. ಔಷಧದ ಅಂಗಡಿಯಲ್ಲಿ ಕೇಳಿ ಪಡೆದ ವಿಟಮಿನ್ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವುದೂ ಸರಿಯಲ್ಲ. ಬಿ-6 ಅತಿಯಾದರೆ ಅದರಿಂದಲೇ ನರಹಾನಿ ಉಂಟಾಗಬಹುದು.

ಪಾದರಕ್ಷೆ ಮತ್ತು ದಿನಚರಿ

ನುಣುಪಾದ ಗ್ರಾನೈಟ್ ನೆಲದ ಮನೆಯೊಳಗೂ ಮೆದು ಚಪ್ಪಲಿ ಧರಿಸುವುದು ಎರಡೂ ತೊಂದರೆಗಳಿಗೆ ಹಿತ. ಹಿಮ್ಮಡಿಗೆ ಮೆತ್ತೆ, ಕಮಾನಿಗೆ ಆಸರೆ, ಬೆರಳಿಗೆ ಜಾಗ, ಹಿಂದೆ ಪಟ್ಟಿ ಇರುವ ಪಾದರಕ್ಷೆಯನ್ನು ಆರಿಸಬೇಕು. ಪಾದ ತುಸು ಊದಿಕೊಳ್ಳುವ ಸಂಜೆಯ ವೇಳೆ ಕೊಳ್ಳುವುದು ಲೇಸು. ಗಟ್ಟಿಯಾದ ಆಸರೆ ಮರಗಟ್ಟಿದ ಚರ್ಮವನ್ನು ಒತ್ತಿ ಗಾಯ ಮಾಡಬಹುದಾದ್ದರಿಂದ ಆರಂಭದಲ್ಲಿ ಒಂದೆರಡು ಗಂಟೆ ಮಾತ್ರ ಧರಿಸಿ, ಬಿಚ್ಚಿ, ಕೆಂಪಾಗಿದೆಯೇ ಎಂದು ನೋಡಬೇಕು. ದೇವಸ್ಥಾನದ ಬಿಸಿಲು ಕಾದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ, ಹರಕೆಯ ಬರಿಗಾಲ ಪಾದಯಾತ್ರೆಗಳ ಬಗ್ಗೆ ಈ ರೋಗಿಗಳು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ನಡಿಗೆ ಕಷ್ಟವಾದವರಿಗೆ ಸೈಕಲ್ ತುಳಿತ ಉತ್ತಮ ಪರ್ಯಾಯ.

ಪ್ರತಿ ರಾತ್ರಿ ಕನ್ನಡಿಯ ನೆರವಿನಿಂದ ಅಂಗಾಲನ್ನೂ ಬೆರಳ ಸಂದುಗಳನ್ನೂ ಪರೀಕ್ಷಿಸಬೇಕು. ಕಣ್ಣು ಮಂದವಾಗಿದ್ದರೆ ಮನೆಯವರು ನೋಡಲಿ. ಚಪ್ಪಲಿ, ಬೂಟುಗಳನ್ನು ಕೊಡವಿ ಧರಿಸಬೇಕು. ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿದ ಬಳಿಕವೇ ಕಾಲಿಗೆ ಸುರಿಯಬೇಕು. ಬಿರಿದ ಹಿಮ್ಮಡಿಗೆ ಎಣ್ಣೆ ಅಥವಾ ಮುಲಾಮು ಹಚ್ಚಬಹುದು. ಬೆರಳ ಸಂದಿಗೆ ಬೇಡ.

ತಡಮಾಡದೆ ವೈದ್ಯರನ್ನು ಕಾಣಬೇಕಾದ ಸಂದರ್ಭ

ಒಂದು ಪಾದ ಇದ್ದಕ್ಕಿದ್ದಂತೆ ಊದಿ, ಕೆಂಪಾಗಿ, ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ, ನೋವು ಅಲ್ಪವಿದ್ದರೂ ಅದು ಶಾರ್ಕೋ ಪಾದವೆಂಬ ಗಂಭೀರ ಸ್ಥಿತಿಯಾಗಿರಬಹುದು. ಒಳಗೆ ಮೂಳೆಗಳು ಮುರಿದು ಕಮಾನು ಕುಸಿಯುತ್ತಿರುತ್ತದೆ. ಇದನ್ನು ಹಿಮ್ಮಡಿ ನೋವೆಂದು ಭಾವಿಸಿ ನಡೆದಾಡಿದರೆ ಪಾದ ಶಾಶ್ವತವಾಗಿ ವಿರೂಪಗೊಳ್ಳುತ್ತದೆ. ಆ ಕಾಲಿಗೆ ಭಾರ ಹಾಕದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮಾಯದ ಗಾಯ, ಕೀವು, ಬಣ್ಣ ಕಪ್ಪಾಗುವಿಕೆ ಅಥವಾ ಜ್ವರ ಕಂಡಾಗಲೂ ಇದೇ ತುರ್ತು ಅಗತ್ಯ. ಇಂತಹ ಯಾವ ಲಕ್ಷಣವೂ ಇಲ್ಲದಿದ್ದರೂ ಮಧುಮೇಹಿಗಳು ವರ್ಷಕ್ಕೊಮ್ಮೆ, ಸ್ಪರ್ಶಜ್ಞಾನ ಕುಂದಿದವರು ವೈದ್ಯರು ಸೂಚಿಸಿದಂತೆ ಇನ್ನೂ ಹೆಚ್ಚು ಬಾರಿ ಪಾದಗಳನ್ನು ತಪಾಸಣೆ ಮಾಡಿಸಿಕೊಳ್ಳುವುದು ಅವಶ್ಯ.