ಕಂಟ್ರೋಲ್ ಮತ್ತು ಸಿ: ಒಂದು ಕೀಲಿ, ಎರಡು ಮನೆತನ

ನಿವೃತ್ತಿಯ ನಂತರ ಗಣಕಯಂತ್ರ ಕಲಿತವರಲ್ಲಿ ನಾನೂ ಒಬ್ಬ. ವಿಂಡೋಸ್‌ನಲ್ಲಿ ಎಂಟು ವರ್ಷ ಪಳಗಿದ ನನ್ನ ಬೆರಳುಗಳಿಗೆ, ಕಂಟ್ರೋಲ್ ಕೀಲಿಯೊಡನೆ ಸಿ ಒತ್ತಿದರೆ ನಕಲು, ವಿ ಒತ್ತಿದರೆ ಅಂಟಿಸುವುದು ಎಂಬುದು ಮಗ್ಗಿಯಷ್ಟೇ ಕಂಠಪಾಠವಾಗಿತ್ತು. 2012ರಲ್ಲಿ ಮಗ ಹೊಸ ಯಂತ್ರ ತಂದು ಅದಕ್ಕೆ ಲಿನಕ್ಸ್ ಹಾಕಿಕೊಟ್ಟ. ಕನ್ನಡ ಅಕ್ಷರಗಳಿಂದ ತೊಂದರೆಯಾಗಲಿಲ್ಲ. ನುಡಿ ತಂತ್ರಾಂಶದಲ್ಲಿ ಕಲಿತಿದ್ದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅಲ್ಲಿಯೂ ದೊರೆಯಿತು. ತೊಡಕಾದದ್ದು ಆಜ್ಞೆಗಳಲ್ಲಿ.

ಹಳೆಯ ಹಾರ್ಡ್ ಡಿಸ್ಕನ್ನು ಜೋಡಿಸಿ, ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಕಡತಗಳನ್ನೆಲ್ಲ ನಕಲಿಸುವ ಆಜ್ಞೆ ಕೊಟ್ಟು ಮಗ ಕೆಲಸಕ್ಕೆ ಹೋದ. ಕಡತಗಳ ಹೆಸರುಗಳು ಸಾಲುಸಾಲಾಗಿ ಉರುಳುತ್ತಿದ್ದವು. ಅವುಗಳಲ್ಲೊಂದನ್ನು ಬರೆದಿಟ್ಟುಕೊಳ್ಳಬೇಕೆನಿಸಿ, ಆ ಸಾಲನ್ನು ಗುರುತಿಸಿ ಕಂಟ್ರೋಲ್-ಸಿ ಒತ್ತಿದೆ. ಹಂಸಪಾದದಂಥ ಒಂದು ಗುರುತು, ಪಕ್ಕದಲ್ಲಿ ಸಿ ಅಕ್ಷರ ಮೂಡಿ ಸಾಲುಗಳು ನಿಂತವು. ಕೆಲಸ ಮುಗಿಯಿತೆಂದೇ ತಿಳಿದೆ. ಮಗನಿಗೂ ಹಾಗೆಯೇ ಹೇಳಿದೆ. ಹಳೆಯ ಡಿಸ್ಕನ್ನು ಅಳಿಸಿ ನೆರೆಮನೆಯ ಹುಡುಗನಿಗೆ ಕೊಟ್ಟ ಮೇಲೆ ತಿಳಿದದ್ದು, ಬಂದದ್ದು ಅರ್ಧ ಮಾತ್ರವೆಂದು. ಬಾರದ ಅರ್ಧದಲ್ಲಿ ನನ್ನ ತಾಯಿಯ ಬಾಯಿಂದ ಕೇಳಿ ಬರೆದಿದ್ದ 41 ಬೀಸುವ ಪದಗಳಿದ್ದವು. ತಾಯಿ ಆಗಲೇ ಇರಲಿಲ್ಲ. ಕೈಬರಹದ ಪುಸ್ತಕ ಗೆದ್ದಲಿನ ಪಾಲಾಗಿತ್ತು.

ಒಂದೇ ಜೋಡಿ ಕೀಲಿ ಒಂದೆಡೆ ‘ನಕಲಿಸು’ ಎಂದೂ ಇನ್ನೊಂದೆಡೆ ‘ನಿಲ್ಲಿಸು’ ಎಂದೂ ಹೇಳುವುದೇಕೆ? ಆ ಸಂಕಟದಲ್ಲಿ ಹುಡುಕಹೊರಟವನಿಗೆ ಎರಡು ಮನೆತನಗಳ ಕಥೆ ಸಿಕ್ಕಿತು.

ಹಿರಿಯ ಮನೆತನ ಟೆಲಿಪ್ರಿಂಟರಿನದು. 1963ರಲ್ಲಿ ಅಮೆರಿಕದಲ್ಲಿ ಮೊದಲು ಪ್ರಕಟವಾದ ಆಸ್ಕಿ ಸಂಕೇತಮಾಲೆಯಲ್ಲಿ ಆರಂಭದ 32 ಸ್ಥಾನಗಳು ಅಕ್ಷರಗಳಿಗಲ್ಲ, ಯಂತ್ರಕ್ಕೆ ಕೊಡುವ ಆಜ್ಞೆಗಳಿಗೆ ಮೀಸಲು. ದೊಡ್ಡ ಸಿ ಅಕ್ಷರದ ಸಂಖ್ಯೆ 67. ಕಂಟ್ರೋಲ್ ಒತ್ತಿದರೆ ಅದರಿಂದ 64 ಕಳೆಯುತ್ತದೆ, ಉಳಿಯುವುದು 3. ಆ ಮೂರಕ್ಕೆ ಮುಂದೆ ‘ಪಠ್ಯ ಮುಗಿಯಿತು’ ಎಂಬ ಅರ್ಥ ನೆಲೆಗೊಂಡಿತು. ಡಿಜಿಟಲ್ ಈಕ್ವಿಪ್‌ಮೆಂಟ್ ಕಂಪನಿಯ ಯಂತ್ರಗಳಲ್ಲಿ ಓಡುತ್ತಿರುವ ಕೆಲಸವನ್ನು ತಡೆಯಲು ಇದೇ ಜೋಡಿ ಬಳಕೆಗೆ ಬಂತು. 1981ರ ಎಂಎಸ್-ಡಾಸ್‌ನಲ್ಲಿಯೂ ಉಳಿಯಿತು.

ಕಿರಿಯ ಮನೆತನ ಪಠ್ಯಪುಸ್ತಕದ ಕೋಣೆಯಲ್ಲಿ ಹುಟ್ಟಿದ್ದೆಂದರೆ, ಮೇಷ್ಟ್ರಾದ ನನಗೆ ಸಂತೋಷವಾಗದೆ ಇದ್ದೀತೆ? 1970ರ ದಶಕದ ನಡುವಿನಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ‘ಜಿಪ್ಸಿ’ ಎಂಬ ಬರಹ ತಂತ್ರಾಂಶವನ್ನು ರೂಪಿಸಿದ್ದು ಗಿನ್ ಎಂಬ ಪಠ್ಯಪುಸ್ತಕ ಪ್ರಕಾಶನದ ಸಂಪಾದಕರಿಗಾಗಿ. ಕತ್ತರಿ, ಗೋಂದು ಹಿಡಿದು ಹಸ್ತಪ್ರತಿ ತಿದ್ದುವ ಪದ್ಧತಿಯನ್ನೇ ಅವರು ಪರದೆಗೆ ತಂದರು. ಟೆಸ್ಲರ್ 1980ರಲ್ಲಿ ಆಪಲ್ ಸೇರಿದರು. 1983ರ ‘ಲೀಸಾ’ ಯಂತ್ರದಲ್ಲಿ ಆಪಲ್ ಚಿಹ್ನೆಯ ಕೀಲಿಯೊಡನೆ ಜಡ್, ಎಕ್ಸ್, ಸಿ, ವಿ ಎಂಬ ನಾಲ್ಕು ಒತ್ತಾಗಿರುವ ಕೀಲಿಗಳು ಸೇರಿಕೊಂಡವು. ಎಕ್ಸ್ ಹೊಡೆದುಹಾಕುವ ಗುರುತು. ಸಿ ಇಂಗ್ಲಿಷಿನ ಕಾಪಿ ಪದದ ಮೊದಲಕ್ಷರ. ವಿ ಎಂದರೆ ಬಿಟ್ಟುಹೋದ ಪದವನ್ನು ಸೇರಿಸಲು ನಾವು ಹಾಕುವ ಹಂಸಪಾದ, ತಲೆಕೆಳಗಾಗಿ. ಮೂವತ್ತು ವರ್ಷ ಮಕ್ಕಳ ಕಾಪಿ ಪುಸ್ತಕ ತಿದ್ದಿದವನಿಗೆ ಇದು ಹೊಳೆದಿರಲಿಲ್ಲ!

ಮೆನುಗಳ ತುಂಬ ಆಪಲ್ ಚಿಹ್ನೆ ಕಂಡು ಸ್ಟೀವ್ ಜಾಬ್ಸ್ ಸಿಡುಕಿದಾಗ, ಕಲಾವಿದೆ ಸೂಸಾನ್ ಕೇರ್ ಚಿಹ್ನೆಗಳ ನಿಘಂಟೊಂದರಿಂದ ನಾಲ್ಕು ಕುಣಿಕೆಯ ಚೌಕವನ್ನು ಆರಿಸಿದರು. ಸ್ವೀಡನ್ನಿನಲ್ಲಿ ನೋಡತಕ್ಕ ಸ್ಥಳಗಳನ್ನು ಸೂಚಿಸುವ ಗುರುತು ಅದು. 1984ರ ಮ್ಯಾಕಿಂಟಾಷ್‌ನ ಕಮಾಂಡ್ ಕೀಲಿಯ ಮೇಲೆ ಅದೇ ಕುಳಿತಿತು. ಕಂಟ್ರೋಲ್‌ಗೆ ಅವರು ಕೈ ಹಚ್ಚಲೇ ಇಲ್ಲವೆಂಬುದು ಮುಖ್ಯ ಸಂಗತಿ.

ಐಬಿಎಂ ಯಂತ್ರಗಳಲ್ಲಿ ಇಂಥ ಬೇರೆ ಕೀಲಿ ಇರಲಿಲ್ಲ. 1987ರಲ್ಲಿ ಆ ಕಂಪನಿ ನಕಲಿಗೆ ಕಂಟ್ರೋಲ್-ಇನ್ಸರ್ಟ್, ಅಂಟಿಸಲು ಶಿಫ್ಟ್-ಇನ್ಸರ್ಟ್ ಎಂದು ನಿಯಮ ಮಾಡಿತು. ಜನಕ್ಕೆ ರುಚಿಸಿದ್ದು ಮ್ಯಾಕಿನ ಅಕ್ಷರಗಳು. 1992ರ ವಿಂಡೋಸ್ 3.1 ಅವನ್ನೇ ಕಂಟ್ರೋಲ್‌ಗೆ ಗಂಟುಹಾಕಿತು. ಹೀಗೆ ಎರಡು ಮನೆತನಗಳೂ ಒಂದೇ ಕೀಲಿಗೆ ವಾರಸುದಾರರಾದವು. ಲಿನಕ್ಸ್ ಇಬ್ಬರನ್ನೂ ಸಾಕಿಕೊಂಡಿದೆ: ಪತ್ರ ಬರೆಯುವ ಕಿಟಕಿಯಲ್ಲಿ ಕಂಟ್ರೋಲ್-ಸಿ ನಕಲು, ಟರ್ಮಿನಲ್‌ನಲ್ಲಿ ತಡೆ. ಅಲ್ಲಿ ನಕಲಿಸಲು ಸಾಮಾನ್ಯವಾಗಿ ಶಿಫ್ಟ್ ಕೀಲಿಯನ್ನೂ ಸೇರಿಸಬೇಕು.

ಮಗಳ ಮನೆಯ ಮ್ಯಾಕ್‌ನಲ್ಲಿ ಈ ಗೊಂದಲವಿಲ್ಲ, ಎರಡು ಕೀಲಿಗಳೂ ಬೇರೆಬೇರೆ. ಆದರೆ ಕಿರುಬೆರಳಿನ ಕೆಲಸವನ್ನು ಹೆಬ್ಬೆರಳಿಗೆ ಕಲಿಸಲು ನನಗೆ ಒಂದು ತಿಂಗಳು ಹಿಡಿಯಿತು. ಊರಿಗೆ ಮರಳಿದೊಡನೆ ಹೆಬ್ಬೆರಳು ಆಲ್ಟ್ ಕೀಲಿಯನ್ನು ಒತ್ತುತ್ತಿತ್ತು.

ಬೀಸುವ ಪದಗಳಲ್ಲಿ 17ನ್ನು ಅಕ್ಕ ನೆನಪಿನಿಂದ ಹೇಳಿದಳು. ಈ ಬಾರಿ ಕಾಗದದ ಮೇಲೂ ಬರೆದುಕೊಂಡೆ. ಉಳಿದವುಗಳಲ್ಲಿ ಕೆಲವದರ ಮೊದಲ ಸಾಲು ಮಾತ್ರ ಅವಳಿಗೆ ಬರುತ್ತದೆ.