ಮನೆಯಲ್ಲಿ ಕಟ್ಟಿದ ಕಂಪ್ಯೂಟರಿನ ಪೂರ್ವೋತ್ತರ

ಬೆಂಗಳೂರಿನ ಪುರಭವನಕ್ಕೂ ಕೃಷ್ಣರಾಜೇಂದ್ರ ಮಾರುಕಟ್ಟೆಗೂ ಸಮೀಪದಲ್ಲಿ, ಮೋಟಾರು ಗಾಡಿಗಳ ಬಿಡಿಭಾಗಗಳಿಗೆ ಹೆಸರಾದ ಜೆ.ಸಿ. ರಸ್ತೆಯ ಮಗ್ಗುಲಲ್ಲಿ, ಎಸ್.ಪಿ. ರೋಡ್ ಎಂದು ಊರಿಗೆಲ್ಲ ಪರಿಚಿತವಾದ ಇಕ್ಕಟ್ಟಾದ ಬೀದಿಯೊಂದುಂಟು. ಕಬ್ಬಿಣದ ಸಾಮಾನು, ವಿದ್ಯುತ್ತಿನ ತಂತಿ, ರೇಡಿಯೋ ರಿಪೇರಿಗೆ ಬೇಕಾದ ಚೂರುಪಾರು ಇವುಗಳ ವ್ಯಾಪಾರದಿಂದ ಬದುಕುತ್ತಿದ್ದ ಆ ಬೀದಿಯು, ಕಳೆದ ಶತಮಾನದ ಕಡೆಯ ದಶಕದಲ್ಲಿ ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾಗಿ ಬೆಳೆದು, ದಿಲ್ಲಿಗೆ ನೆಹರೂ ಪ್ಲೇಸ್, ಮುಂಬಯಿಗೆ ಲ್ಯಾಮಿಂಗ್ಟನ್ ರೋಡ್, ಚೆನ್ನೈಗೆ ರಿಚಿ ಸ್ಟ್ರೀಟ್ ಹೇಗೋ ಹಾಗೆ ನಮ್ಮ ನಾಡಿಗೆ ತಾನಾಯಿತು. ಅಲ್ಲಿಗೆ ಹೋದ ತರುಣನೊಬ್ಬನು ಒಂದು ಅಂಗಡಿಯಲ್ಲಿ ತೈವಾನಿನ ಮದರ್‌ಬೋರ್ಡನ್ನೂ, ಇನ್ನೊಂದರಲ್ಲಿ ಅಮೆರಿಕದಲ್ಲಿ ರೂಪಿತವಾದ ಪ್ರೊಸೆಸರನ್ನೂ, ಮತ್ತೊಂದರಲ್ಲಿ ಕೊರಿಯಾದ ರ‍್ಯಾಮನ್ನೂ, ತಯಾರಿಸಿದವರ ಹೆಸರೇ ಕಾಣದ ತಗಡಿನ ಕ್ಯಾಬಿನೆಟ್ಟನ್ನೂ ಕೊಂಡು ಮನೆಗೆ ತಂದು, ಒಂದು ಸ್ಕ್ರೂಡ್ರೈವರಿನ ಹೊರತು ಬೇರಾವ ಉಪಕರಣವೂ ಇಲ್ಲದೆ, ಅರವನ್ನು ಆಡಿಸದೆ, ಬೆಸುಗೆಯ ಕಡ್ಡಿಯನ್ನು ಮುಟ್ಟದೆ, ಅವುಗಳನ್ನು ಒಂದು ಯಂತ್ರವಾಗಿ ಕೂಡಿಸಿ, ರಾತ್ರಿಯ ಹೊತ್ತಿಗೆ ಆಟಕ್ಕೆ ಕುಳಿತುಕೊಳ್ಳಬಲ್ಲನು. ಪರಸ್ಪರ ಮುಖ ನೋಡದವರು, ಎಷ್ಟೋ ವೇಳೆ ಒಬ್ಬರೊಡನೊಬ್ಬರು ಪೈಪೋಟಿಯಲ್ಲಿ ತೊಡಗಿರುವವರು, ಸಮುದ್ರಗಳಾಚೆ ಬೇರೆ ಬೇರೆಯಾಗಿ ತಯಾರಿಸಿದ ಈ ವಸ್ತುಗಳು ಒಂದರೊಳಗೊಂದು ಇಷ್ಟು ನಿರಾಯಾಸವಾಗಿ ಕೂಡಿಕೊಳ್ಳುವುದು ನನಗೆ ನಮ್ಮ ಕಾಲದ ದೊಡ್ಡ ಸಂಗತಿಗಳಲ್ಲೊಂದಾಗಿ ತೋರುತ್ತದೆ. ಅದು ತಾನಾಗಿ ಒದಗಿದುದಲ್ಲ. ಯಾವನೊಬ್ಬನು ಸಂಕಲ್ಪಿಸಿ ನಿರ್ಮಿಸಿದುದೂ ಅಲ್ಲ.

ಇದರ ಮೂಲವನ್ನು ಅರಸುವವನು ಅಮೆರಿಕದ ನ್ಯೂ ಮೆಕ್ಸಿಕೋ ಸಂಸ್ಥಾನದ ಆಲ್ಬುಕರ್ಕಿ ಪಟ್ಟಣಕ್ಕೆ ಹೋಗಬೇಕು. ಕ್ಯಾಲ್ಕುಲೇಟರುಗಳ ವ್ಯಾಪಾರದಲ್ಲಿ ನಷ್ಟಪಟ್ಟು ಸಾಲದಲ್ಲಿ ಸಿಲುಕಿದ್ದ ಎಡ್ ರಾಬರ್ಟ್ಸ್ ಎಂಬಾತನು, ತನ್ನ ಎಂಐಟಿಎಸ್ ಎಂಬ ಸಣ್ಣ ಕಂಪನಿಯಲ್ಲಿ, ಇಂಟೆಲ್‌ನ 8080 ಚಿಪ್ಪನ್ನು ಆಧಾರವಾಗಿಟ್ಟುಕೊಂಡು ಆಲ್ಟೇರ್ 8800 ಎಂಬ ಯಂತ್ರವನ್ನು ರೂಪಿಸಿದನು. 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯು 1975ರ ಜನವರಿ ಸಂಚಿಕೆಯ ಮುಖಪುಟದಲ್ಲಿ ಅದನ್ನು ಪ್ರಕಟಿಸಿತು. ಸುಮಾರು 400 ಡಾಲರು ಕಳುಹಿಸಿದವನ ಮನೆಗೆ ಬಂದು ತಲುಪುತ್ತಿದ್ದುದು ಬಿಡಿ ಸಾಮಗ್ರಿ. ಬೆಸುಗೆ ಹಾಕಿ ಅದನ್ನು ಯಂತ್ರವಾಗಿಸುವ ಹೊಣೆ ಕೊಂಡವನದು. ಕೀಲಿಮಣೆಯಿಲ್ಲ, ಪರದೆಯಿಲ್ಲ, 256 ಬೈಟುಗಳ ಸ್ಮೃತಿ. ಮುಂಭಾಗದ ಗುಂಡಿಗಳನ್ನು ಮೇಲೆಕೆಳಗೆ ಮಾಡಿ ಆಜ್ಞೆಗಳನ್ನು ಕೊಡಬೇಕು, ಮಿಣುಕುವ ಕೆಂಪು ದೀಪಗಳಿಂದ ಉತ್ತರವನ್ನು ಓದಬೇಕು. ಇಷ್ಟು ದರಿದ್ರವಾದ ಯಂತ್ರಕ್ಕಾಗಿ ಜನ ಮುಗಿಬಿದ್ದರು. ಆದರೆ ನಮ್ಮ ಕಥೆಗೆ ಮುಖ್ಯವಾದುದು ಅದರ ಒಳಗಿದ್ದ, ನೂರು ಸಂಪರ್ಕಗಳುಳ್ಳ, ಬೋರ್ಡುಗಳನ್ನು ಸಾಲಾಗಿ ಸಿಕ್ಕಿಸಬಹುದಾದ ಏರ್ಪಾಡು. ಆ ನೂರು ಸಂಪರ್ಕಗಳ ಕ್ರಮವನ್ನು ತಿಳಿದುಕೊಂಡವರೆಲ್ಲರೂ ಆಲ್ಟೇರಿಗೆ ಒದಗುವ ಬೋರ್ಡುಗಳನ್ನು ತಾವೇ ಮಾಡಿ ಮಾರತೊಡಗಿದರು. ಯಂತ್ರ ಒಬ್ಬನದು, ಅದರ ಅಂಗಗಳು ಹಲವರವು ಎಂಬ ಪದ್ಧತಿಗೆ ಅಲ್ಲಿಂದ ಮೊದಲಾಯಿತು. ಅದೇ ವರ್ಷದ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯದ ಮೆನ್ಲೋ ಪಾರ್ಕಿನ ಮನೆಯೊಂದರ ಗ್ಯಾರೇಜಿನಲ್ಲಿ ಹೋಂಬ್ರೂ ಕಂಪ್ಯೂಟರ್ ಕ್ಲಬ್ಬಿನ ಮೊದಲ ಸಭೆ ಸೇರಿತು. ಅಲ್ಲಿಗೆ ಬರುತ್ತಿದ್ದ ಸ್ಟೀವ್ ವಾಜ್ನಿಯಾಕ್ 1976ರಲ್ಲಿ ರೂಪಿಸಿದ ಮೊದಲನೆಯ ಆಪಲ್ ಸಹ ಬರಿಯ ಬೋರ್ಡಾಗಿತ್ತು. ಪೆಟ್ಟಿಗೆ, ಕೀಲಿಮಣೆ, ಪರದೆಗಳನ್ನು ಕೊಂಡವರೇ ಹೊಂದಿಸಿಕೊಳ್ಳಬೇಕಾಗಿತ್ತು.

ಹವ್ಯಾಸಿಗಳ ಈ ಕೈಕೆಲಸವು ಲೋಕದ ರೂಢಿಯಾದುದಾದರೋ, ವಿಚಿತ್ರವೆನ್ನಿಸುವಂತೆ, ಹವ್ಯಾಸಿಗಳಿಂದ ಬಹುದೂರವಿದ್ದ ಐಬಿಎಂ ಎಂಬ ಮಹಾಸಂಸ್ಥೆಯ ಅವಸರದಿಂದ. ಬ್ಯಾಂಕುಗಳಿಗೂ ಸರ್ಕಾರಗಳಿಗೂ ಬೃಹದ್ಗಣಕಗಳನ್ನು ಒದಗಿಸುತ್ತಿದ್ದ ಆ ಸಂಸ್ಥೆ, ತನ್ನ ಪದ್ಧತಿಯಂತೆ ಪ್ರತಿಯೊಂದು ಭಾಗವನ್ನೂ ತಾನೇ ಮಾಡುತ್ತ ಕುಳಿತರೆ ವರ್ಷಗಳೇ ಉರುಳುವುವೆಂದು ಮನಗಂಡು, ಫ್ಲಾರಿಡದ ಬೋಕಾ ರಟಾನಿನಲ್ಲಿ ಡಾನ್ ಎಸ್ಟ್ರಿಜ್ ನಾಯಕತ್ವದ ಚಿಕ್ಕ ತಂಡವೊಂದಕ್ಕೆ ಹೊರಗಿನವರಿಂದ ಭಾಗಗಳನ್ನು ಕೊಂಡು ಯಂತ್ರವನ್ನು ಕೂಡಿಸುವ ಸ್ವಾತಂತ್ರ್ಯವನ್ನು ಕೊಟ್ಟಿತು. 1981ರ ಆಗಸ್ಟ್ 12ರಂದು ಹೊರಬಿದ್ದ ಐಬಿಎಂ ಪಿಸಿಯಲ್ಲಿ ಪ್ರೊಸೆಸರು ಇಂಟೆಲ್‌ನದು, ಕಾರ್ಯಾಚರಣೆಯ ತಂತ್ರಾಂಶ ಮೈಕ್ರೋಸಾಫ್ಟಿನದು. ಒಳಗೆ ಅನ್ಯರ ಕಾರ್ಡುಗಳಿಗಾಗಿ ಐದು ಸ್ಲಾಟುಗಳು. ಅದಕ್ಕಿಂತ ಹೆಚ್ಚಾಗಿ, ಯಂತ್ರದ ಮಂಡಲಗಳ ನಕ್ಷೆಗಳನ್ನೂ, ಬಯಾಸ್ ಎಂಬ ಮೂಲ ತಂತ್ರಾಂಶದ ಪೂರ್ಣ ಪಾಠವನ್ನೂ ಪುಸ್ತಕವಾಗಿ ಅಚ್ಚುಮಾಡಿ ಮಾರಿದರು. ಬಯಾಸಿನ ಮೇಲೆ ಗ್ರಂಥಸ್ವಾಮ್ಯವೊಂದಿತ್ತು. ಬಾಗಿಲಿಗೆ ಉಳಿದಿದ್ದ ಬೀಗ ಅದೊಂದೇ.

ಆ ಬೀಗವನ್ನು ತೆರೆದ ರೀತಿಯನ್ನು ನಾನು ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇನೆ. ಏಕೆಂದರೆ ಇಂದು ಮನೆಯಲ್ಲಿ ಯಂತ್ರ ಕಟ್ಟುವ ಪ್ರತಿಯೊಬ್ಬನೂ ಆ ಕಾರ್ಯಕ್ಕೆ ಋಣಿಯಾಗಿದ್ದಾನೆ. 1982ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬಿಟ್ಟು ಬಂದ ಮೂವರು ಸ್ಥಾಪಿಸಿದ ಕಾಂಪ್ಯಾಕ್ ಕಂಪನಿಯು ಎಂಜಿನಿಯರುಗಳನ್ನು ಎರಡು ಪಂಗಡಗಳಾಗಿ ವಿಭಾಗಿಸಿತು. ಒಂದು ಪಂಗಡದವರು ಐಬಿಎಂ ಬಯಾಸನ್ನು ಓದಿ, ಅದು ಏನನ್ನು ಮಾಡುತ್ತದೆಂಬುದನ್ನು ಮಾತ್ರ ಬರೆದಿಟ್ಟರು. ಮೂಲವನ್ನು ಕಣ್ಣೆತ್ತಿಯೂ ನೋಡದಿದ್ದ ಇನ್ನೊಂದು ಪಂಗಡದವರು ಆ ವಿವರಣೆಯೊಂದನ್ನೇ ಹಿಡಿದು ತಮ್ಮದೇ ಆದ ಬಯಾಸನ್ನು ಹೊಸದಾಗಿ ರಚಿಸಿದರು. ಕದ್ದುದಲ್ಲ, ನಕಲು ಮಾಡಿದುದಲ್ಲ. ನ್ಯಾಯದ ದೃಷ್ಟಿಯಿಂದಲೂ ಧರ್ಮದ ದೃಷ್ಟಿಯಿಂದಲೂ ನಿರ್ದುಷ್ಟವಾದ ಮಾರ್ಗ. 1984ರಲ್ಲಿ ಫೀನಿಕ್ಸ್ ಎಂಬ ಕಂಪನಿ ಇದೇ ಮಾರ್ಗದಿಂದ ರಚಿಸಿದ ಬಯಾಸನ್ನು ಬೇಕೆಂದವರಿಗೆಲ್ಲ ಮಾರತೊಡಗಿದ ಮೇಲೆ, ಬಂಡವಾಳ ಅಲ್ಪವಾಗಿದ್ದ ತಯಾರಕರಿಗೂ ಐಬಿಎಂಗೆ ಹೊಂದುವ ಯಂತ್ರವನ್ನು ಮಾಡುವುದು ಸಾಧ್ಯವಾಯಿತು. ತೈವಾನಿನಲ್ಲಿ 1986ರಲ್ಲಿ ಗಿಗಾಬೈಟ್, ಎಂಎಸ್‌ಐ ಕಂಪನಿಗಳೂ 1989ರಲ್ಲಿ ಆಸುಸ್ ಕಂಪನಿಯೂ ಹುಟ್ಟಿದುದು ಈ ತೆರೆದ ಬಾಗಿಲಿನ ಫಲ.

ಕೈಬಿಟ್ಟ ಒಡೆತನವನ್ನು ಮರಳಿ ಪಡೆಯಲು ಐಬಿಎಂ 1987ರಲ್ಲಿ ಪ್ರಯತ್ನಿಸದೆ ಇರಲಿಲ್ಲ. ಪಿಎಸ್/2 ಎಂಬ ಹೊಸ ಯಂತ್ರಗಳಲ್ಲಿ ಮೈಕ್ರೋ ಚಾನೆಲ್ ಎಂಬ ಹೊಸ ಸ್ಲಾಟನ್ನಿರಿಸಿ, ಅದನ್ನು ಬಳಸುವವರು ತನಗೆ ಕಾಣಿಕೆ ಸಲ್ಲಿಸತಕ್ಕದ್ದೆಂದು ವಿಧಿಸಿತು. ಗುಣದಲ್ಲಿ ಅದು ಹಳೆಯದಕ್ಕಿಂತ ಮೇಲಾಗಿತ್ತೆಂಬುದನ್ನು ಒಪ್ಪಬೇಕು. ಆದರೂ ಲೋಕವು ಅದನ್ನು ಸ್ವೀಕರಿಸಲಿಲ್ಲ. ಕಾಂಪ್ಯಾಕ್ ಮೊದಲಾದ ಒಂಬತ್ತು ಕಂಪನಿಗಳು ಮರುವರ್ಷವೇ ಬೇರೊಂದು ಸ್ಲಾಟನ್ನು ಘೋಷಿಸಿದುವು. ಮೇಲಾದ ಆದರೆ ಮುಚ್ಚಿದ ಸ್ಲಾಟು ಸೋತಿತು. ತೆರೆದ ಹಳೆಯ ಸ್ಲಾಟು ಇನ್ನೂ ಎಷ್ಟೋ ವರ್ಷ ಬಾಳಿತು.

ಆ ಕಾಲದಲ್ಲಿ ಯಂತ್ರವನ್ನು ಕೂಡಿಸುವುದು ಈಗಿನಷ್ಟು ಸುಲಭವಾಗಿರಲಿಲ್ಲ. ಮನೆಯ ವಿದ್ಯುತ್ತನ್ನು ಯಂತ್ರಕ್ಕೆ ತಕ್ಕಂತೆ ಮಾರ್ಪಡಿಸಿ ಕೊಡುವ ಎಸ್‌ಎಂಪಿಎಸ್ ಎಂಬ ಡಬ್ಬಿಯಿಂದ ಮದರ್‌ಬೋರ್ಡಿಗೆ ವಿದ್ಯುತ್ತನ್ನು ತರುವ ಕನೆಕ್ಟರುಗಳು ಎರಡು. ಇವುಗಳ ಕಪ್ಪು ತಂತಿಗಳು ನಡುವೆ ಪಕ್ಕಪಕ್ಕದಲ್ಲಿ ಬರುವಂತೆ ಸಿಕ್ಕಿಸಬೇಕು, ಅದಲುಬದಲಾದರೆ ಬೋರ್ಡು ಸುಟ್ಟುಹೋಗಬಹುದು. ಕಪ್ಪಿಗೆ ಕಪ್ಪು ಎಂಬುದು ಅಂದಿನ ಜೋಡಣೆಗಾರರ ಮೊದಲ ಪಾಠ. ಸೌಂಡ್ ಕಾರ್ಡು ಸದ್ದು ಮಾಡಬೇಕಾದರೆ ಅದರ ಜಂಪರುಗಳೆಂಬ ಪುಟ್ಟ ಕೊಂಡಿಗಳನ್ನು ಕೈಯಿಂದ ಬದಲಿಸಿ, ಬೇರಾವ ಕಾರ್ಡೂ ಹಿಡಿದಿರದ ಸಂಖ್ಯೆಯನ್ನು ಅದಕ್ಕೆ ಕೊಡಬೇಕು. ಇಂಟೆಲ್ ಕಂಪನಿಯು 1995ರಲ್ಲಿ ಪ್ರಕಟಿಸಿದ ಎಟಿಎಕ್ಸ್ ಮಾನವು ಇಂಥ ಎಷ್ಟೋ ತೊಡಕುಗಳನ್ನು ನಿವಾರಿಸಿತು: ಬೋರ್ಡಿನ ಅಳತೆ 305 ಮಿಲಿಮೀಟರ್ ಉದ್ದ, 244 ಮಿಲಿಮೀಟರ್ ಅಗಲ, ಸ್ಕ್ರೂಗಳ ರಂಧ್ರಗಳು ಎಲ್ಲಿರಬೇಕೆಂಬುದು ನಿಶ್ಚಿತ, ವಿದ್ಯುತ್ತಿನ ಕನೆಕ್ಟರು ಒಂದೇ, ಅದೂ ತಿರುಗುಮುರುಗಾಗಿ ಕೂರದಂಥದು. ಪ್ರೊಸೆಸರಿನ ವೇಗ ಅಂದಿನಿಂದ ಎಷ್ಟು ಮಡಿಯಾದರೂ ಆ ರಂಧ್ರಗಳು ಮಾತ್ರ ಇದ್ದಲ್ಲಿಯೇ ಇವೆ.

ಆದರೆ ಅಳತೆಗಳು ಎಷ್ಟು ಹೊಂದಿದರೇನು? ಪತ್ರ ಬರೆಯುವುದಕ್ಕೂ ಲೆಕ್ಕ ಇಡುವುದಕ್ಕೂ ಕಾರ್ಖಾನೆಯಿಂದ ಸಿದ್ಧವಾಗಿ ಬಂದ ಯಂತ್ರವೇ ಸಾಕಾಗಿರುವಾಗ, ಸಾಮಾನ್ಯನು ಬಿಡಿಭಾಗಗಳನ್ನು ಆರಿಸಿ ಕಟ್ಟುವ ಶ್ರಮವನ್ನು ಏಕೆ ಕೈಗೊಂಡಾನು? ಕೈಗೊಂಡುದು ಆಟಕ್ಕಾಗಿ. ಐಡಿ ಸಾಫ್ಟ್‌ವೇರಿನ 'ಡೂಮ್' 1993ರ ಡಿಸೆಂಬರಿನಲ್ಲಿ ಬಂದಾಗ 386 ಪ್ರೊಸೆಸರಿನ ಯಂತ್ರಗಳು ತಡವರಿಸಿದುವು. 1996ರ 'ಕ್ವೇಕ್' ದಶಮಾಂಶ ಗಣಿತದಲ್ಲಿ ಇಂಟೆಲ್‌ನ ಪೆಂಟಿಯಮ್ ಪ್ರೊಸೆಸರಿಗಿದ್ದ ಬಲವನ್ನೇ ನೆಚ್ಚಿದ್ದುದರಿಂದ, ಉಳಿದ ಕೆಲಸಗಳಲ್ಲಿ ಅದಕ್ಕೆ ಸಮನಾಗಿದ್ದ ಸೈರಿಕ್ಸ್ ಪ್ರೊಸೆಸರುಗಳು ಆ ಒಂದು ಆಟದಿಂದಲೇ ಆಟಗಾರರ ಆದರವನ್ನು ಕಳೆದುಕೊಂಡುವು. ಅದೇ ವರ್ಷ ತ್ರೀಡಿಎಫ್‌ಎಕ್ಸ್ ಕಂಪನಿಯ ವೂಡೂ ಚಿಪ್ಪುಳ್ಳ ಗ್ರಾಫಿಕ್ಸ್ ಕಾರ್ಡುಗಳು ಬಂದುವು. ಅವುಗಳಿಗೆ ಮೂರು ಆಯಾಮದ ಚಿತ್ರಗಳ ಹೊರತು ಬೇರೇನೂ ತಿಳಿಯದು. ಆದುದರಿಂದ ಹಳೆಯ ಕಾರ್ಡನ್ನೂ ಇಟ್ಟುಕೊಂಡು, ಹಿಂಭಾಗದಲ್ಲಿ ಒಂದು ಕೇಬಲಿನಿಂದ ಎರಡನ್ನೂ ಕೂಡಿಸಬೇಕಾಗಿತ್ತು. ಮುಂದೆ 1999ರಲ್ಲಿ ಬಂದ ಎನ್‌ವಿಡಿಯಾದ ಜಿಫೋರ್ಸ್ 256 ಈ ದಾರಿಯನ್ನು ಇನ್ನಷ್ಟು ಹಿಗ್ಗಿಸಿತು. ಮರುವರ್ಷದ ಕೊನೆಯಲ್ಲಿ ತ್ರೀಡಿಎಫ್‌ಎಕ್ಸ್ ತನ್ನ ಸ್ವತ್ತುಗಳನ್ನು ಅದೇ ಎನ್‌ವಿಡಿಯಾಕ್ಕೆ ಮಾರಬೇಕಾಯಿತು.

ಹಣ ಕಡಿಮೆಯಿದ್ದವರಿಗೂ ಈ ವಿದ್ಯೆಯಲ್ಲಿ ಒಂದು ಉಪಾಯ ದೊರೆಯಿತು. 1998ರಲ್ಲಿ ಇಂಟೆಲ್ ಮಾರಿದ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರು, ಮದರ್‌ಬೋರ್ಡಿನ 66 ಮೆಗಾಹರ್ಟ್ಸ್ ಗತಿಯನ್ನು 100ಕ್ಕೆ ಏರಿಸಿದಾಗ, 300ರ ಬದಲು 450 ಮೆಗಾಹರ್ಟ್ಸ್ ವೇಗದಲ್ಲಿ ಬಹುಮಟ್ಟಿಗೆ ನಿರ್ವಿಘ್ನವಾಗಿ ನಡೆಯುತ್ತಿತ್ತು. ಬಡ ವಿದ್ಯಾರ್ಥಿಯ ಯಂತ್ರ ಸಿರಿವಂತನ ಯಂತ್ರಕ್ಕೆ ಸರಿಸಾಟಿಯಾಗಿ ನಿಂತ ಇಂಥ ಪ್ರಸಂಗಗಳಿಂದಲೇ ಈ ಹವ್ಯಾಸಕ್ಕೆ ಅಭಿಮಾನ ಹುಟ್ಟಿತೆಂದು ನಾನು ತಿಳಿದಿದ್ದೇನೆ.

ನಮ್ಮ ದೇಶಕ್ಕೆ ಈ ಪದ್ಧತಿಯು ತಡವಾಗಿ ಬಂದಿತು. ವಿದೇಶೀ ಬಂಡವಾಳವನ್ನು ಕುರಿತ ಕಾನೂನಿಗೆ ಒಡಂಬಡದೆ ಐಬಿಎಂ 1978ರಲ್ಲಿಯೇ ಭಾರತವನ್ನು ಬಿಟ್ಟುಹೋಗಿದ್ದುದರಿಂದ, ಅದರ ಪಿಸಿ ನಮ್ಮಲ್ಲಿ ಮುಖ್ಯವಾಗಿ ಅನ್ಯರು ಮಾಡಿದ ಪ್ರತಿರೂಪಗಳ ಮೂಲಕವೇ ಪರಿಚಿತವಾಯಿತು. 1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿಯು ಆಮದಿನ ಕಟ್ಟುಗಳನ್ನು ಸಡಿಲಿಸಿತು; ಬೆಂಗಳೂರಿನಲ್ಲಿ ಪಿಎಸ್‌ಐ ಡೇಟಾ ಸಿಸ್ಟಮ್ಸ್, ಮೈಸೂರಿನ ಕಾರ್ಖಾನೆಯಲ್ಲಿ ವಿಪ್ರೋ, ಕಂಪ್ಯೂಟರುಗಳನ್ನು ತಯಾರಿಸುತ್ತಿದ್ದುವು. ಆದರೂ ಅವುಗಳ ಬೆಲೆ ಮಧ್ಯಮ ವರ್ಗದ ಸಂಸಾರಕ್ಕೆ ಎಟುಕುವಂತಿರಲಿಲ್ಲ. 1991ರ ಉದಾರೀಕರಣವೂ, 1997ರಲ್ಲಿ ಭಾರತವು ಸೇರಿದ ಮಾಹಿತಿ ತಂತ್ರಜ್ಞಾನ ಒಪ್ಪಂದದ ಪ್ರಕಾರ 2005ರ ಹೊತ್ತಿಗೆ ಕಂಪ್ಯೂಟರ್ ಸಾಮಗ್ರಿಗಳ ಮೇಲಿನ ಆಮದು ಸುಂಕ ಹಂತಹಂತವಾಗಿ ಇಳಿದುಹೋದುದೂ ಬಿಡಿಭಾಗಗಳ ಪೇಟೆಗಳನ್ನು ಬೆಳೆಸಿದುವು. ಬ್ರಾಂಡೆಡ್, ಅಸೆಂಬಲ್ಡ್ ಎಂಬ ಎರಡು ಜಾತಿಗಳು ಆಗ ಹುಟ್ಟಿಕೊಂಡುವು. ಅಂಗಡಿಯವನು ಒಂದು ಹಾಳೆಯಲ್ಲಿ ಪ್ರೊಸೆಸರು, ಬೋರ್ಡು, ರ‍್ಯಾಮು, ಹಾರ್ಡ್ ಡಿಸ್ಕುಗಳ ದರಗಳನ್ನು ಸಾಲಾಗಿ ಬರೆದುಕೊಡುತ್ತಿದ್ದ ಕೊಟೇಶನ್ನನ್ನು ಹಿಡಿದು, ಗಿರಾಕಿಯು ನಾಲ್ಕಾರು ಅಂಗಡಿಗಳನ್ನು ಅಲೆಯುತ್ತಿದ್ದನು. ಬಿಲ್ಲಿಲ್ಲದ ವ್ಯಾಪಾರವೂ, ನಕಲು ವಿಂಡೋಸನ್ನು ಹಾಕಿಕೊಡುವ ಚಾಳಿಯೂ ಈ ಪೇಟೆಗಳಿಗೆ ಅಂಟಿದ ಕಳಂಕಗಳೆಂಬುದನ್ನು ಮರೆಮಾಚಲಾಗದು. ಹಾಗಿದ್ದರೂ, ಮಗನ ಓದಿಗೆಂದು ಕಷ್ಟಪಟ್ಟು ಹಣ ಕೂಡಿಸಿದ ಗುಮಾಸ್ತನ ಮನೆಗೂ ಮೇಷ್ಟ್ರ ಮನೆಗೂ ಕಂಪ್ಯೂಟರು ಬಂದುದು ಇಲ್ಲಿಂದಲೇ. ಒಂದೆರಡು ವರ್ಷದ ತರುವಾಯ ಅದೇ ಮಗನು ಕೈಖರ್ಚಿನ ದುಡ್ಡನ್ನು ಉಳಿಸಿ ಅದರ ಖಾಲಿ ಸ್ಲಾಟಿಗೆ ಗ್ರಾಫಿಕ್ಸ್ ಕಾರ್ಡೊಂದನ್ನು ತಂದು ಸಿಕ್ಕಿಸಿದುದೂ ಇಲ್ಲಿಂದಲೇ.

ಆರಿಸುವ ವಿವೇಕವು ಅಂದಿಗೂ ಇಂದಿಗೂ ಒಂದೇ ತೆರನಾದುದು. ಜೋಡೆತ್ತುಗಳಲ್ಲಿ ಒಂದು ಬಲಿಷ್ಠವೂ ಇನ್ನೊಂದು ಬಡಕಲೂ ಆದರೆ ಉಳುಮೆಯು ಬಡಕಲು ಎತ್ತಿನ ನಡಿಗೆಯಲ್ಲಿಯೇ ಸಾಗುವಂತೆ, ದುಬಾರಿ ಗ್ರಾಫಿಕ್ಸ್ ಕಾರ್ಡಿನ ಪಕ್ಕದಲ್ಲಿ ದುರ್ಬಲವಾದ ಪ್ರೊಸೆಸರನ್ನಿಟ್ಟವನ ಹಣ ವ್ಯರ್ಥ. ಆದಕಾರಣ ಬಲ್ಲವರು ಮೊದಲು ಮಾನಿಟರನ್ನು ನಿಶ್ಚಯಿಸುತ್ತಾರೆ. ಪರದೆಯಲ್ಲಿ ಎಷ್ಟು ಚುಕ್ಕಿಗಳು, ಸೆಕೆಂಡಿಗೆ ಎಷ್ಟು ಚಿತ್ರಗಳು ಎಂಬುದು ಗೊತ್ತಾದ ಮೇಲೆ ಅದಕ್ಕೆ ತಕ್ಕ ಗ್ರಾಫಿಕ್ಸ್ ಕಾರ್ಡು, ಅದಕ್ಕೆ ತಕ್ಕ ಪ್ರೊಸೆಸರು. ರ‍್ಯಾಮಿನಲ್ಲಿ 16 ಜಿಬಿಯ ಒಂದು ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಆಟಕ್ಕೆ ಲೇಸು, ಏಕೆಂದರೆ ಆಗ ದತ್ತಾಂಶವು ಎರಡು ದಾರಿಗಳಲ್ಲಿ ಹರಿಯುತ್ತದೆ. ನಮ್ಮ ಜನ ಅತ್ಯಂತ ಅನಾದರ ತೋರಿಸುವುದು ಎಸ್‌ಎಂಪಿಎಸ್‌ಗೆ. ಕ್ಯಾಬಿನೆಟ್ಟಿನ ಜೊತೆಗೇ ಬರುವ ಹಗುರವಾದ ಡಬ್ಬಿಯನ್ನು, ಮೇಲಿನ ಚೀಟಿಯಲ್ಲಿ ಬರೆದ ವ್ಯಾಟುಗಳನ್ನು ನಂಬಿ ಬಳಸಿದವರ ಬೋರ್ಡುಗಳು, ವೋಲ್ಟೇಜು ಏರಿಳಿಯುವ ನಮ್ಮ ಊರುಗಳಲ್ಲಿ ಹಾಳಾದುದಕ್ಕೆ ರಿಪೇರಿ ಅಂಗಡಿಗಳೇ ಸಾಕ್ಷಿ. ಉಳಿದುದರಲ್ಲಿ ಕೈಬಿಗಿ ಮಾಡಿದರೂ ಚಿಂತೆಯಿಲ್ಲ, ಇದರಲ್ಲಿ ಮಾಡಬಾರದು.

ಈಗಿನ ದಿನಗಳಲ್ಲಿ ಪ್ರವಾಹವು ಮತ್ತೆ ಮುಚ್ಚಿದ ಪೆಟ್ಟಿಗೆಯ ಕಡೆಗೆ ತಿರುಗಿದೆ. ತೆಳುವಾದ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ; ಕೊಂಡ ದಿನ ಎಷ್ಟಿತ್ತೋ ಸಾಯುವ ದಿನವೂ ಅಷ್ಟೆ. ಮನೆಯಲ್ಲಿ ಕಟ್ಟಿದ ಯಂತ್ರ ಹಾಗಲ್ಲ: ಒಂದು ಅಂಗ ಹಳತಾದರೆ ಅದೊಂದನ್ನೇ ಬದಲಿಸಬಹುದು, ತೆಗೆದುದನ್ನು ಇನ್ನೊಬ್ಬರಿಗೆ ಕೊಡಬಹುದು. ಆದುದರಿಂದ, ಮನೆಯ ಹುಡುಗನೋ ಹುಡುಗಿಯೋ ಆಟದ ಕಂಪ್ಯೂಟರು ಬೇಕೆಂದು ಕೇಳಿದಾಗ, ಹಿರಿಯರು ಭಾಗಗಳ ಆಯ್ಕೆಯನ್ನೂ ಜೋಡಣೆಯನ್ನೂ ಆ ಮಕ್ಕಳ ಕೈಗೇ ಬಿಡಬೇಕೆಂದು ಪ್ರಾರ್ಥಿಸುತ್ತೇನೆ. ಯಾವ ಭಾಗವನ್ನು ಮುಟ್ಟುವುದಕ್ಕೆ ಮುಂಚೆಯೂ ವಿದ್ಯುತ್ತನ್ನು ತಪ್ಪಿಸಿ, ಕ್ಯಾಬಿನೆಟ್ಟಿನ ಬರಿ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಳ್ಳಲು ಹೇಳಿಕೊಡಿ. ಎಸ್‌ಎಂಪಿಎಸ್ ಒಂದನ್ನು ಮಾತ್ರ ಬಿಚ್ಚಲು ಬಿಡಬೇಡಿ. ಪ್ಲಗ್ಗನ್ನು ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಅಪಾಯಕರವಾದಷ್ಟು ವಿದ್ಯುತ್ತು ಕೆಲವು ಹೊತ್ತು ಉಳಿದಿರುತ್ತದೆ.